ಬಲಗಡೆ ಒಂದು, ಎಡಗಡೆ ಎರಡು

ರಾಣೇಬೆನ್ನೂರಿನ ಗ್ಯಾರೇಜಿನಿಂದ ಉಸ್ತಾದರ ಫೋನು ಬಂದಾಗ ನಾನು ಹಾವೇರಿಯ ಮನೆಯಲ್ಲಿ ಕತೆಯೊಂದರ ಕೊನೆಯ ಪುಟವನ್ನು ಮೂರನೆಯ ಸಲ ಹರಿದುಹಾಕಿ ಕೂತಿದ್ದೆ.

"ಭಾಯ್, ಗಾಡಿ ಬಣ್ಣ ಎಲ್ಲಾ ಕೆರೆಸೀನಿ. ಮುಂದಿನ ಮಡಗಾರ್ಡಿಗೆ ಯಾರೋ ಪುಟ್ಟಿ ತುಂಬ್ಯಾರ. ಅದರ ಕೆಳಗ ತೂತು ಅದಾವ. ಬಲಗಡೆ ಒಂದು, ಎಡಗಡೆ ಎರಡು. ವೆಲ್ಡಿಂಗ್ ಮಾಡಿ ಮುಚ್ಚಿಬಿಡ್ಲ್ಯಾ?" ಎಂದು ಅವರು ಕೇಳಿದರು.

ಮುಚ್ಚಬೇಡಿ, ಬರುತ್ತೇನೆ ಎಂದೆ. ಹಾವೇರಿಯಿಂದ ರಾಣೇಬೆನ್ನೂರಿಗೆ ಹೆದ್ದಾರಿಯಲ್ಲಿ 30 ಚಿಲ್ಲರೆ ಕಿಲೋಮೀಟರು. ಬಸ್ಸಿನಲ್ಲಿ ಕೂತಾಗಲೂ ತಲೆಯಲ್ಲಿ ಅದೇ ಲೆಕ್ಕ. ಒಂದೇ ಜೊತೆ ಕನ್ನಡಿಗೆ ಒಂದು ಕಡೆ ಒಂದು ತೂತು, ಇನ್ನೊಂದು ಕಡೆ ಎರಡು ತೂತು ಯಾಕೆ?

ಗಾಡಿ ಎಂದರೆ ಸ್ಟ್ಯಾಂಡರ್ಡ್ ಹೆರಾಲ್ಡ್. ಈಗಿನ ಹುಡುಗರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಇಂಗ್ಲೆಂಡಿನಲ್ಲಿ 1959ರಲ್ಲಿ ಬಿಡುಗಡೆಯಾದ ಟ್ರಯಂಫ್ ಹೆರಾಲ್ಡನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಇಲ್ಲಿಯೇ ತಯಾರಿಸತೊಡಗಿತು. ಆ ಕಾಲಕ್ಕೆ ನಮ್ಮ ಸೀಮೆಯ ರಸ್ತೆಗಳಲ್ಲಿ ಕಾಣುತ್ತಿದ್ದದ್ದು ಹೆಚ್ಚಾಗಿ ಮೂರು ತರದ ಕಾರು. ಅಂಬಾಸಡರ್ ಗೌಡರ ಮನೆಯ ಎತ್ತಿನಂತೆ, ಫಿಯಟ್ ಪೇಟೆಯ ಡಾಕ್ಟರರಂತೆ. ಹೆರಾಲ್ಡ್ ಮಾತ್ರ ಧಾರವಾಡದಲ್ಲಿ ಕಾಲೇಜು ಓದಿ ಬಂದ ಶೋಕಿ ಹುಡುಗನಂತೆ. ಅದರ ಮೈಕಟ್ಟನ್ನು ರೂಪಿಸಿದವನು ಜೊವಾನಿ ಮಿಕೆಲೊಟ್ಟಿ ಎಂಬ ಇಟಲಿಯವನು. ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ, ಅದೇ ಮಿಕೆಲೊಟ್ಟಿಯ ಕೈಯಿಂದ ಮೈ ಬರೆಸಿ, 1962ರಲ್ಲಿ ಟ್ರಯಂಫ್‌ನವರು ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದರು. ಹಾಗಾಗಿ ಉಸ್ತಾದರ ಗ್ಯಾರೇಜಿನ ಹುಡುಗರು ನಮ್ಮ ಗಾಡಿಯನ್ನು 'ಸ್ಪೋರ್ಟ್ಸ್ ಕಾರು' ಎಂದು ಕರೆದರೆ ನಾನು ತಿದ್ದುವುದಿಲ್ಲ. ಅಕ್ಕನನ್ನು ತಂಗಿಯ ಹೆಸರಿನಲ್ಲಿ ಕರೆದಷ್ಟೇ ತಪ್ಪು ಅದು.

ಹೆರಾಲ್ಡಿನ ಎರಡು ಗುಣಗಳನ್ನು ಇಲ್ಲಿ ಹೇಳಬೇಕು. ಒಂದು, ಅದು 25 ಅಡಿ ಜಾಗದಲ್ಲಿ ಪೂರ್ತಿ ಸುತ್ತು ತಿರುಗುತ್ತಿತ್ತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ಚಕ್ಕಡಿಗಳೂ ಚೀಲಗಳೂ ತುಂಬಿದ ಓಣಿಯಲ್ಲಿ, ಅದು ಸಣ್ಣ ಗುಣವಲ್ಲ. ಎರಡು, ಅದರ ಬಾನೆಟ್ಟು ಬೇರೆ ಕಾರುಗಳಂತೆ ಬರೀ ಮುಚ್ಚಳವಲ್ಲ. ಎರಡೂ ಬದಿಯ ಚಿಲಕ ತೆಗೆದರೆ ದೀಪ, ಮಡಗಾರ್ಡು ಸಮೇತ ಇಡೀ ಮುಖವೇ ಮುಂದಕ್ಕೆ ಬಾಗುತ್ತದೆ. ಎಂಜಿನ್ನು, ಗಾಲಿ, ಸ್ಟೀರಿಂಗು ಎಲ್ಲ ಬಯಲಿಗೆ ಬರುತ್ತವೆ. ನೋಡಿದವರಿಗೆ ಗಾಡಿ ಸಜ್ದಾ ಮಾಡಿದಂತೆ ಕಾಣುತ್ತದೆ ಎಂದು ನಮ್ಮ ಅಬ್ಬಾ ಹೇಳುತ್ತಿದ್ದರು.

ಅಬ್ಬಾ ಈ ಗಾಡಿಯ ಡ್ರೈವರು. ಮಾಲಕರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಸಾವ್ಕಾರರು. 1966ರ ಎರಡು ಬಾಗಿಲಿನ ಹೆರಾಲ್ಡ್, ಮೈಸೂರು ರಾಜ್ಯದ ಕಾಲದ 'ಎಂವೈ' ಅಕ್ಷರದ ನಂಬರು. ಅಬ್ಬಾ ಇಪ್ಪತ್ತರ ಹರೆಯದಲ್ಲಿ ಅದರ ಸ್ಟೀರಿಂಗು ಹಿಡಿದವರು ಹತ್ತಿರ ಹತ್ತಿರ 20 ವರ್ಷ ಓಡಿಸಿದರು. 1988ರಲ್ಲಿ ಸಾವ್ಕಾರರ ಕಿರಿಯ ಮಗನ ಮದುವೆಗೆಂದು ಗಾಡಿಗೆ ಹೊಸ ಬಣ್ಣ ಹೊಡೆಸಿದರು. ಆಮೇಲೆ ಹೊಸ ಮಾರುತಿ ಬಂತು, ಹೆರಾಲ್ಡು ಗೋದಾಮಿನ ಪಕ್ಕದ ತಗಡಿನ ಚಪ್ಪರ ಸೇರಿತು. ಅಷ್ಟರಲ್ಲಿ ಮದ್ರಾಸಿನ ಆ ಕಾರ್ಖಾನೆಯೂ ಮುಚ್ಚುವುದಕ್ಕೆ ಬಂದಿತ್ತು, ಬಿಡಿಭಾಗ ಸಿಗುವುದು ನಿಂತಿತು. ಸಾವ್ಕಾರರು ತೀರಿಕೊಂಡ ಮೇಲೆ ಅವರ ಮಕ್ಕಳು, "ಗುಜರಿಗೆ ಹಾಕೋದಕ್ಕಿಂತ ನೀವ ಒಯ್ಯಿರಿ ಚಾಚಾ" ಎಂದು ಅಬ್ಬಾನಿಗೆ ಬರೆದುಕೊಟ್ಟರು. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ ದಿನ ಅಮ್ಮಿ, "ಕೂಡಲಿಕ್ಕೆ ಒಂದು ಕುರ್ಚಿ ನೆಟ್ಟಗಿಲ್ಲದ ಮನೆಗೆ ಕಾರು ಬಂತು" ಎಂದಿದ್ದಳು.

ಅದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂಬ ಹುಚ್ಚು ನನಗೆ ಹತ್ತಿದ್ದು ಅಬ್ಬಾನಿಗೆ 75 ದಾಟಿದ ಮೇಲೆ. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಮಾತು ಕಡಿಮೆಯಾಗಿತ್ತು. ನನ್ನ ಉಳಿತಾಯಕ್ಕೆ ದುಬೈಯಲ್ಲಿರುವ ತಮ್ಮನ ದುಡ್ಡು ಸೇರಿಸಿ ಗಾಡಿಯನ್ನು ಉಸ್ತಾದರ ಗ್ಯಾರೇಜಿಗೆ ಸಾಗಿಸಿದೆವು. ಟಿಂಕರಿಂಗಿಗೇ ಎಂಟು ತಿಂಗಳು ಹಿಡಿಯಿತು. ಎಂಜಿನ್ನು, ಬ್ರೇಕು, ವಯರಿಂಗು ಎಲ್ಲಕ್ಕೂ ಒಂದೊಂದು ದಾರಿ ಸಿಕ್ಕಿತು. ಕೊನೆಗೆ ಉಳಿದದ್ದು ಕನ್ನಡಿ.

ನಮ್ಮ ಮನೆಯಲ್ಲಿ ಒಂದೇ ಒಂದು ಹಳೆಯ ಫೋಟೋ ಇದೆ. ಹೆರಾಲ್ಡಿನ ಬಲಗಡೆ ಅಬ್ಬಾ ನಿಂತಿದ್ದಾರೆ. ಬಲ ಮಡಗಾರ್ಡಿನ ಮೇಲೆ ಗುಂಡಗಿನ ಹೊಳೆಯುವ ಕನ್ನಡಿ. ಎಡಗಡೆ ಫೋಟೋದಲ್ಲಿ ಬಂದಿಲ್ಲ. ನನ್ನ ನೆನಪಿನಲ್ಲಿ ಇರುವುದೂ ಆ ಗುಂಡಗಿನ ಕನ್ನಡಿಯೇ. ಎಡಗಡೆಯದೂ ಅಂಥದ್ದೇ ಇದ್ದೀತು ಎಂದುಕೊಂಡಿದ್ದೆ.

ಆ ಕಾಲದ ಕಾರಿಗೆ ಹೊರಗನ್ನಡಿ ಎಂಬುದು ಕಂಪನಿ ಕಡ್ಡಾಯವಾಗಿ ಕೊಡುವ ವಸ್ತುವಾಗಿರಲಿಲ್ಲ. ಒಳಗೊಂದು ಕನ್ನಡಿ ಇದ್ದರೆ ಮುಗಿಯಿತು. ಬೇಕೆಂದವರು ಹೊರಗಿನಿಂದ ಕೊಂಡು ಹಾಕಿಸಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಡೆಸ್ಮೋ, ವಿಂಗಾರ್ಡ್ ಮುಂತಾದ ಹೆಸರಿನವರು ಇಂಥ ಕನ್ನಡಿಗಳಿಗೇ ಪ್ರಸಿದ್ಧರಾಗಿದ್ದರು. ಈಗಿನಂತೆ ಅವು ಬಾಗಿಲಿನ ಮೇಲಲ್ಲ, ಮುಂದಿನ ಮಡಗಾರ್ಡಿನ ಮೇಲೆ ಕೂರುತ್ತಿದ್ದವು. ಅದಕ್ಕೊಂದು ಅನುಕೂಲವಿದೆ. ಡ್ರೈವರು ಕತ್ತು ಹೊರಳಿಸಬೇಕಿಲ್ಲ, ಮುಂದಿನ ರಸ್ತೆಯ ಜೊತೆಯಲ್ಲೇ ಹಿಂದಿನದೂ ಕಣ್ಣಿಗೆ ಬೀಳುತ್ತದೆ. ಒಂದು ಅನನುಕೂಲವೂ ಇದೆ. ಸೀಟಿನಲ್ಲಿ ಕೂತವನ ಕೈಗೆ ಅದು ಎಟುಕುವುದಿಲ್ಲ. ಸರಿಪಡಿಸಬೇಕೆಂದರೆ ಒಬ್ಬ ಒಳಗೆ ಕೂತು ನೋಡಬೇಕು, ಇನ್ನೊಬ್ಬ ಹೊರಗೆ ನಿಂತು ತಿರುಗಿಸಬೇಕು. ನನಗೆ ಐದಾರು ವರ್ಷವಿದ್ದಾಗ ಹೊರಗೆ ನಿಂತು ತಿರುಗಿಸುವವನು ನಾನು. "ಇನ್ನೊಂಚೂರು ಒಳಗ... ಮ್ಯಾಲ... ಹಾಂ, ಬಸ್" ಎನ್ನುವ ಅಬ್ಬಾನ ದನಿ ಈಗಲೂ ಕಿವಿಯಲ್ಲಿದೆ.

ಗ್ಯಾರೇಜಿನಲ್ಲಿ ಉಸ್ತಾದರು ಬೆರಳಿನಿಂದ ತೂತುಗಳನ್ನು ತೋರಿಸಿದರು. ಬಲಗಡೆಯದು ಕಿರುಬೆರಳು ಹೋಗುವಷ್ಟು ದೊಡ್ಡದು, ಒಂದೇ. ಎಡಗಡೆಯವು ಸಣ್ಣವು, ಒಂದರ ಹಿಂದೆ ಒಂದು. ಮೂರರ ಅಂಚೂ ನೆಟ್ಟಗಿಲ್ಲ. "ಮಶೀನಿನ ಕೆಲಸ ಅಲ್ಲ ಇದು. ಕೈಬೈರಿಗಿಲೆ ಯಾರೋ ತಿಳಿಯದವರು ಕೊರದಾರ" ಎಂದರು. ಫೋಟೋ ತೆಗೆದು ಬೆಂಗಳೂರಿನ ಹಳೆಯ ಕಾರುಗಳ ತಜ್ಞರೊಬ್ಬರಿಗೆ ಕಳಿಸಿದೆ. ಅವರ ಉತ್ತರ ಸ್ಪಷ್ಟವಾಗಿತ್ತು. ತೂತು ಮೂಲದಲ್ಲ, ಮುಚ್ಚಿಸಿ. ಕನ್ನಡಿ ಬೇಕೇ ಬೇಕೆಂದರೆ ಆ ಕಾಲದ ಗುಂಡಗಿನ ಕ್ರೋಮಿಯಂ ಕನ್ನಡಿ ಒಂದು ಜೊತೆ ಹಾಕಿಸಿ, ಎರಡೂ ಒಂದೇ ಎತ್ತರ, ಒಂದೇ ಅಂತರದಲ್ಲಿ. ಅವರು ಇನ್ನೊಂದು ಮಾತನ್ನೂ ನೆನಪಿಸಿದರು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲಿರಬೇಕು.

ನಾನು ಜೊತೆ ಕನ್ನಡಿಗೆ ಹೊರಟೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನಗು ಸಿಕ್ಕಿತು, ಕನ್ನಡಿ ಸಿಗಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಒಬ್ಬ ಮುದುಕರು ಅಂಬಾಸಡರಿನ ಕನ್ನಡಿಯನ್ನು ಹೆರಾಲ್ಡಿನದೆಂದು ಖಸಂ ಹಾಕಿ ಹೇಳಿದರು. ಚೆನ್ನೈನ ಪುದುಪೇಟೆಯಲ್ಲಿ ಹಳೇ ಗಾಡಿ ಬಿಚ್ಚುವವರ ಸಾಲು ಸಾಲು ಅಂಗಡಿ. ಪರಿಚಯದ ಹುಡುಗನೊಬ್ಬ ಅಲ್ಲಿಂದ ದಿನಕ್ಕೆ ಹತ್ತು ಫೋಟೋ ಕಳಿಸಿದ. ಒಂದರ ಕಾಲು ಸರಿಯಿದ್ದರೆ ತಲೆ ಬೇರೆ, ತಲೆ ಸರಿಯಿದ್ದರೆ ಗಾಜು ಇಲ್ಲ. ಕನ್ನಡಿಯೊಳಗಿನ ಗಂಟು ಎಂಬ ಗಾದೆ ಕೇಳಿದ್ದೆ. ಇಲ್ಲಿ ಕನ್ನಡಿಯೇ ಗಂಟಾಗಿತ್ತು. ಕೊನೆಗೆ ಇಂಗ್ಲೆಂಡಿನಿಂದ ಹಳೇ ಮಾದರಿಯಲ್ಲೇ ಹೊಸದಾಗಿ ಮಾಡಿದ ಒಂದು ಜೊತೆ ತರಿಸಿದೆ. ಎಷ್ಟು ಕೊಟ್ಟೆ ಎಂಬುದನ್ನು ಮನೆಯಲ್ಲಿ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಪೊಟ್ಟಣ ಬಂದ ಸಂಜೆ ಅಸರ್ ನಮಾಜು ಮುಗಿಸಿ ಬಂದ ಅಬ್ಬಾನ ಕೈಗೆ ಆ ಕನ್ನಡಿಗಳನ್ನು ಕೊಟ್ಟೆ. ಅವರು ಒಂದನ್ನು ಮುಖಕ್ಕೆ ಹಿಡಿದು ನೋಡಿದರು. ತಿರುಗಿಸಿ ಕಾಲನ್ನು ಸವರಿದರು. "ಎಡಗಡೆ ಇದು ಅಲ್ಲ" ಎಂದರು.

"ಮತ್ತ ಯಾವುದು?"

"ಜೀಪಿಂದು. ಚೌಕಂದು. ಅದಕ್ಕ ಎರಡು ಬೋಲ್ಟು."

ನಾನು ತಜ್ಞರು ಹೇಳಿದ್ದನ್ನೆಲ್ಲ ಹೇಳಿದೆ. ಎರಡು ಕಡೆ ಎರಡು ತರ ಇದ್ದರೆ ಚೆಂದ ಕಾಣುವುದಿಲ್ಲ ಎಂದೆ. ಅಬ್ಬಾ ನಮ್ಮ ಮನೆಯ ದಖನಿಯಲ್ಲಿ, "ಐನಾ ದಿಖಾನೆ ಕೂ ನೈ ಬಾವಾ, ದೇಖ್ನೆ ಕೂ" ಎಂದರು. ಕನ್ನಡಿ ತೋರಿಸಿಕೊಳ್ಳಲಿಕ್ಕಲ್ಲ, ನೋಡಲಿಕ್ಕೆ. ಆಮೇಲೆ ಅವರು ಹೇಳಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

1974ರ ಸುಗ್ಗಿಯ ದಿನಗಳು. ಸಾವ್ಕಾರರನ್ನು ಹುಬ್ಬಳ್ಳಿಗೆ ಕರೆದೊಯ್ಯಲು ಬ್ಯಾಡಗಿಯಿಂದ ಮೋಟೆಬೆನ್ನೂರಿನ ಕಡೆ ಹೊರಟಿದ್ದಾರೆ. ಸಾವ್ಕಾರರು ಮುಂದಿನ ಸೀಟಿನಲ್ಲಿ. ಹಿಂದಿನ ಸೀಟಿನ ತುಂಬ ಮಾದರಿಗೆಂದು ತುಂಬಿದ ಮೆಣಸಿನಕಾಯಿ ಚೀಲಗಳು, ಚಾವಣಿಯ ತನಕ. ಒಳಗಿನ ಕನ್ನಡಿಯಲ್ಲಿ ಚೀಲ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಎದುರಿಗೆ ನಿಧಾನವಾಗಿ ಹೋಗುತ್ತಿದ್ದ ಚಕ್ಕಡಿ. ಅಬ್ಬಾ ಅದನ್ನು ದಾಟಲು ಬಲಕ್ಕೆ ಹೊರಳಿಸಿದರು. ಅದೇ ಹೊತ್ತಿಗೆ ಹಿಂದಿನಿಂದ ಸೈಕಲ್ಲಿನ ಮೇಲೆ ಬಂದ ಹಮಾಲಿಯೊಬ್ಬ ಕಾರಿನ ಬಲಬದಿಯಲ್ಲಿದ್ದ. ಗಾಡಿ ತಾಗಿ ಗಟಾರಕ್ಕೆ ಬಿದ್ದ. ಮೊಳಕೈ ಮುರಿಯಿತು.

"ಸಾವ್ಕಾರ್ರು ದವಾಖಾನಿ ಖರ್ಚು ಕೊಟ್ಟರು. ಎಲುಬು ಕೂಡಿದರೂ ಕೈ ಸೊಟ್ಟ ಆತು. ಚೀಲ ಎತ್ತಲಿಕ್ಕೆ ಬರಲಿಲ್ಲ. ಗೋದಾಮಿನ ಕಸ ಹೊಡಿಯೋ ಕೆಲಸ ಕೊಟ್ಟರು. ಸೈಕಲ್ಲಿನವಂದ ತಪ್ಪು ಅಂತ ಸಾವ್ಕಾರ್ರು ಅಂದ್ರು. ಪೇಟೆ ಮಂದಿ ಎಲ್ಲಾ ಅಂದ್ರು. ಕಡೀಕ ಅವನೂ ಅಂದ, ನಂದ ತಪ್ಪ್ರಿ ಅಂತ. ನಾನೂ ಹೂಂ ಅಂದೆ."

ಸ್ವಲ್ಪ ಹೊತ್ತು ಬಿಟ್ಟು, "ಹೂಂ ಅಂದ ಮ್ಯಾಲ ನಿದ್ದಿ ಬರಲಿಲ್ಲ" ಎಂದರು.

ಹೊರಗನ್ನಡಿ ಹಾಕಿಸಿ ಎಂದು ಕೇಳಿದಾಗ ಸಾವ್ಕಾರರು ಒಪ್ಪಲಿಲ್ಲವಂತೆ. ಕಂಪನಿಯವರು ಕೊಡದ್ದು ನಿನಗ್ಯಾಕೆ, ಗಾಡಿಯ ಚೆಂದ ಕೆಡುತ್ತದೆ ಎಂದರಂತೆ. ಅಬ್ಬಾ ಒಂದು ತಿಂಗಳ ಪಗಾರ ಹಿಡಿದುಕೊಂಡು ಹುಬ್ಬಳ್ಳಿಗೆ ಹೋದರು. ಹಳೇ ಸಾಮಾನಿನ ಅಂಗಡಿಯಲ್ಲಿ ಯಾವುದೋ ಮೋರಿಸ್ ಗಾಡಿಯಿಂದ ಕಳಚಿದ ಗುಂಡಗಿನ ಕನ್ನಡಿ ಒಂದೇ ಇತ್ತು. ಅದು ಬಲಗಡೆಗಾಯಿತು. ಉಳಿದ ದುಡ್ಡಿಗೆ ಸಿಕ್ಕದ್ದು ಜೀಪಿನ ಚೌಕ ಕನ್ನಡಿ. ಬಡಗಿಯೊಬ್ಬರ ಬೈರಿಗೆ ಬೇಡಿ ತಂದು, ಸಾವ್ಕಾರರು ಊಟ ಮಾಡಿ ಮಲಗಿದ ಹೊತ್ತಿನಲ್ಲಿ, ಮಡಗಾರ್ಡಿಗೆ ತೂತು ಹಾಕಿದರು. ಸಾವ್ಕಾರರು ಎದ್ದು ಬಂದು ಕೂಗಾಡಿದರು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ದಾರಿಯಲ್ಲಿ, "ಹಿಂದ ಏನರ ಕಾಣತತೇನೋ?" ಎಂದರಂತೆ. "ಕಾಣತತ್ರಿ" ಎಂದರಂತೆ ಅಬ್ಬಾ. ಮತ್ತೆ ಆ ವಿಷಯ ಎತ್ತಲಿಲ್ಲ.

ನಾನು ಸುಮ್ಮನೆ ಕೂತಿದ್ದೆ. ನನ್ನ ಬಾಲ್ಯದ ಒಂದು ಚಿತ್ರ ತಟ್ಟನೆ ಬೇರೆಯಾಗಿ ಕಂಡಿತು. ರಮಜಾನ್ ಹಬ್ಬದ ದಿನ ನಮ್ಮ ಮನೆಯ ಶೀರ್‌ಕುರ್ಮಾ ಮೊದಲು ಹೋಗುತ್ತಿದ್ದದ್ದು ಅಜ್ಜಿಯ ಮನೆಗಲ್ಲ, ಪೇಟೆಯ ಹಿಂದಿನ ಓಣಿಯ ಒಂದು ಮನೆಗೆ. ಡಬ್ಬಿ ಹಿಡಿದು ಹೋಗುತ್ತಿದ್ದವನು ನಾನೇ. ಅಲ್ಲಿನ ಕಾಕಾ ಡಬ್ಬಿಯನ್ನು ಯಾವಾಗಲೂ ಎಡಗೈಯಲ್ಲಿ ಇಸಿದುಕೊಳ್ಳುತ್ತಿದ್ದರು. ಬಲಗೈ ಮಡಚಿದಂತೆಯೇ ಇರುತ್ತಿತ್ತು. ಯಾಕೆ ಎಂದು ನಾನು ಕೇಳಿರಲಿಲ್ಲ. ಅವರು ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಡಬ್ಬಿ ಈಗಲೂ ಆ ಮನೆಗೆ ಹೋಗುತ್ತದೆ.

ಉರ್ದು ಶಾಲೆಯಲ್ಲಿ ಮೌಲವಿ ಸಾಹೇಬರು ಪ್ರವಾದಿ(ಸ)ಯವರ ಒಂದು ಮಾತನ್ನು ಹೇಳಿಕೊಟ್ಟಿದ್ದರು, ಒಬ್ಬ ವಿಶ್ವಾಸಿ ಇನ್ನೊಬ್ಬ ವಿಶ್ವಾಸಿಗೆ ಕನ್ನಡಿ ಎಂಬ ಅರ್ಥದ್ದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕನ್ನಡಿ ನಮ್ಮ ಮುಖದ ಕಲೆಯನ್ನು ತೋರಿಸುತ್ತದೆ ಎಂಬಲ್ಲಿಗೆ ನನ್ನ ಅರ್ಥ ನಿಂತಿತ್ತು. ನಮ್ಮ ಬೆನ್ನ ಹಿಂದೆ ಯಾರಿದ್ದಾರೆ ಎಂಬುದನ್ನೂ ಅದು ತೋರಿಸಬೇಕು ಎಂಬುದು ಹೊಳೆದಿರಲಿಲ್ಲ.

ಈಗ ತೂತುಗಳ ಪ್ರಶ್ನೆ. ಕಾರ್ಖಾನೆಯಿಂದ ಬಂದ ದಿನ ಗಾಡಿ ಹೇಗಿತ್ತೋ ಅದು ಮೂಲ ಎಂದರೆ ನಮ್ಮ ಹೆರಾಲ್ಡಿನ ಮೂಲಕ್ಕೆ ಕನ್ನಡಿಯೇ ಇಲ್ಲ. ಅಬ್ಬಾ ಇಲ್ಲ, ಆ ಹಮಾಲಿಯೂ ಇಲ್ಲ. ಯಾವುದು ಮೂಲ, ಯಾವುದು ಆಮೇಲೆ ಬಂದು ಸೇರಿದ್ದು, ಯಾವುದನ್ನು ಕೆರೆದು ತೆಗೆಯಬೇಕು ಎಂಬ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಕಾರುಗಳಿಗೆ ಮಾತ್ರ ಕೇಳುತ್ತಿಲ್ಲ. ಮನುಷ್ಯರಿಗೆ, ಮಾತಿಗೆ, ದರ್ಗಾಕ್ಕೆ, ಜಾತ್ರೆಯ ಅಂಗಡಿಗೆ ಕೇಳುತ್ತಿದ್ದಾರೆ. ನಮ್ಮದೇ ಜಿಲ್ಲೆಯ ಶಿಶುನಾಳದಲ್ಲಿ ಶರೀಫ್ ಸಾಹೇಬರು ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿದ್ದರು. ಹಾವೇರಿಯಲ್ಲಿ ಪಟವೇಗಾರ ಮನೆತನದ ಮುಸ್ಲಿಮರು ಪೋಣಿಸುವ ಏಲಕ್ಕಿ ಹಾರ ಯಾವ ಯಾವ ಕೊರಳಿಗೋ ಬೀಳುತ್ತದೆ. ಇವನ್ನೆಲ್ಲ ಪುಟ್ಟಿ ತುಂಬಿ ಸಾಪಾಟು ಮಾಡಿದರೆ ಉಳಿಯುವುದು ಯಾವ ಮೂಲ? ಜೊತೆಗೆ ಬದುಕುವಾಗ ಬಿದ್ದ ತೂತು ಕೂಡ ಗಾಡಿಯ ಚರಿತ್ರೆಯೇ. ಅದು ಸೊಟ್ಟ ಇದ್ದರೂ ಒಂದು ಕಾರಣಕ್ಕೆ ಬಿದ್ದದ್ದು.

ಉಸ್ತಾದರಿಗೆ ಮುಚ್ಚಬೇಡಿ ಎಂದು ಹೇಳಿದೆ. ಅವರು ಒಮ್ಮೆ ನನ್ನ ಮುಖ ನೋಡಿ ಕೆಲಸಕ್ಕೆ ಇಳಿದರು. ತೂತುಗಳ ಅಂಚಿನ ತುಕ್ಕು ಕೆರೆದು ರೆಡ್ ಆಕ್ಸೈಡ್ ಹಚ್ಚಿದರು. ಮಡಗಾರ್ಡಿನ ಪತ್ರಾ ತೆಳ್ಳಗಿರುವುದರಿಂದ ಒಳಗಡೆಯಿಂದ ಅಗಲದ ವಾಷರ್ ಕೊಟ್ಟರು, ಇಲ್ಲದಿದ್ದರೆ ಕನ್ನಡಿಯ ಭಾರಕ್ಕೆ ಪತ್ರಾ ಸೀಳುತ್ತದೆ. ಮೇಲೆ ನೀರು ಇಳಿಯದಂತೆ ಹಳೇ ಟ್ಯೂಬಿನ ರಬ್ಬರನ್ನು ಕತ್ತರಿಸಿ ಕೂಡಿಸಿದರು. ಇಂಗ್ಲೆಂಡಿನ ಒಂದು ಕನ್ನಡಿ ಬಲಗಡೆಯ ತೂತಿಗೆ ಅಳತೆ ತೆಗೆದಂತೆ ಕೂತಿತು. ಜೀಪಿನ ಚೌಕ ಕನ್ನಡಿಯ ಕಾಲು ರಾಣೇಬೆನ್ನೂರಿನ ಗುಜರಿಯಲ್ಲೇ 150 ರೂಪಾಯಿಗೆ ಸಿಕ್ಕಿತು. ಗಾಜು ಮಾತ್ರ ಹಾವೇರಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವವರ ಹತ್ತಿರ ಕತ್ತರಿಸಿ ಕೂಡಿಸಬೇಕಾಯಿತು. ಈಗಿನ ಗಾಡಿಗಳಿಗೆ ಹಾಕುವ ಉಬ್ಬುಗನ್ನಡಿ ಹಾಕೋಣವೇ ಎಂದು ಉಸ್ತಾದರು ಕೇಳಿದರು. ಉಬ್ಬುಗನ್ನಡಿಯಲ್ಲಿ ಹೆಚ್ಚು ಅಗಲ ಕಾಣುತ್ತದೆ, ಆದರೆ ಹತ್ತಿರ ಇದ್ದದ್ದು ದೂರ ಇದ್ದಂತೆ ತೋರುತ್ತದೆ. ಚಪ್ಪಟೆ ಗಾಜು ಕಡಿಮೆ ತೋರಿಸಿದರೂ ಅಂತರವನ್ನು ಸುಳ್ಳು ಹೇಳುವುದಿಲ್ಲ. ಅಬ್ಬಾ ಚಪ್ಪಟೆಯದೇ ಬೇಕೆಂದರು.

ಕೂಡಿಸಿದ ಮೇಲೆ ಹೊಸ ತಕರಾರು. ಎಂಜಿನ್ನು ಶುರುವಾದೊಡನೆ ಎರಡೂ ಕನ್ನಡಿಯಲ್ಲಿ ಲೋಕ ಗಡಗಡ ನಡುಗತೊಡಗಿತು. ನಟ್ಟು ಬಿಗಿದರೂ ನಿಲ್ಲಲಿಲ್ಲ. ಉಸ್ತಾದರು ಅರ್ಧ ದಿನ ತಲೆ ಕೆರೆದುಕೊಂಡು ಕೊನೆಗೆ ಕಾರಣ ಹಿಡಿದರು. ಹೆರಾಲ್ಡಿನ ಮಡಗಾರ್ಡು ಬಾನೆಟ್ಟಿನದೇ ಭಾಗವಲ್ಲವೇ, ಬಾನೆಟ್ಟಿನ ಹಿಂಬದಿ ಬಂದು ಕೂರುವ ರಬ್ಬರು ಸವೆದಿತ್ತು. ರಬ್ಬರು ಬದಲಿಸಿ ಚಿಲಕ ಬಿಗಿದ ಮೇಲೆ ಕನ್ನಡಿ ಶಾಂತವಾಯಿತು. ನಡುಗುತ್ತಿದ್ದದ್ದು ಕನ್ನಡಿಯಲ್ಲ, ಅದು ನಿಂತ ನೆಲ.

ಆ ದಿನ ಅಬ್ಬಾನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿದ್ದೆ. ಡ್ರೈವರ್ ಸೀಟಿನಲ್ಲಿ ಕೂತರು. ನಾನು ಬಲ ಮಡಗಾರ್ಡಿನ ಹತ್ತಿರ ನಿಂತೆ, ಗ್ಯಾರೇಜಿನ ಒಬ್ಬ ಹುಡುಗ ಎಡಕ್ಕೆ. "ಒಳಗ... ಇನ್ನೊಂಚೂರು... ಬಸ್." ನಾನು ಕೈ ತೆಗೆಯುವಷ್ಟರಲ್ಲಿ ಅಬ್ಬಾ ಸೀಟಿನಿಂದ ಇಳಿದರು. "ಇದು ನನ್ನ ಕಣ್ಣಿಗೆ ಆತು. ಓಡಿಸವ ನೀನು. ನೀ ಕೂಡು, ನಾ ತಿರುವತೀನಿ" ಎಂದರು. ಮೊಳಕಾಲು ನೋವಿನ ಅಬ್ಬಾ ಮಡಗಾರ್ಡು ಹಿಡಿದು ಬಾಗಿ ನಿಂತರು. ಬಸ್ ಎನ್ನುವ ಸರದಿ ನನ್ನದಾಯಿತು.

ಹಾವೇರಿಗೆ ವಾಪಸು ಬರುವಾಗ ಅಬ್ಬಾ ಬ್ಯಾಡಗಿಯ ಮೇಲೆ ಹೋಗೋಣ ಎಂದರು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೊರಳಿದೆವು. ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು. ಮುಂದೆ ಚೀಲ ಹೇರಿಕೊಂಡ ಟ್ರ್ಯಾಕ್ಟರು ನಿಧಾನವಾಗಿ ಹೋಗುತ್ತಿತ್ತು. ಎಡಗಡೆ ಕೂತ ಅಬ್ಬಾ ಕತ್ತು ಚಾಚಿ ಕನ್ನಡಿ ನೋಡಿದರು.

"ನಿನ್ನ ಕಣ್ಣಿಗೆ ಕೂಡಿಸಿದ್ದು, ನನಗ ಕಾಣೂದಿಲ್ಲ. ನೋಡಿ ಹೇಳು. ಹಿಂದ ಯಾರರ ಬರಾಕತ್ತಾರೇನು?"

"ಸೈಕಲ್ಲಿನ ಮ್ಯಾಲೆ ಒಬ್ಬ ಹುಡುಗ ಬರಾಕತ್ತಾನ."

"ಅವನ್ನ ಮೊದಲ ಬಿಡು" ಎಂದರು.

ನಾನು ನಿಧಾನ ಮಾಡಿದೆ. ಹುಡುಗ ಗುಂಡಗಿನ ಕನ್ನಡಿಯಲ್ಲಿ ದೊಡ್ಡವನಾಗುತ್ತ ಬಂದು, ಬಾಗಿಲಿನ ಪಕ್ಕದಲ್ಲಿ ಹಾದು, ಟ್ರ್ಯಾಕ್ಟರನ್ನೂ ದಾಟಿ ಹೋದ. ಅವನು ಕಣ್ಮರೆಯಾಗುವ ತನಕ ಅಬ್ಬಾ ಮಾತಾಡಲಿಲ್ಲ. ಆಮೇಲೆ, "ಹಾಂ, ಈಗ ನಡಿ" ಎಂದರು.